ಒಂದಕ್ಕೆ ಹತ್ತು ಅಂದ್ರೆ ಎಷ್ಟು ಎಂಎಲ್? ಕಾರ್ ಕ್ಲೀನರ್‌ಗೆ ನೀರು ಬೆರೆಸೋ ಲೆಕ್ಕ

ನನ್ನ ಕಾರಿನ ಎಡಗಡೆ ಮುಂದಿನ ಅಲಾಯ್ ವೀಲ್ ಮೇಲೆ ಇವತ್ತಿಗೂ ನಾಲ್ಕೈದು ಮಂಕು ಕಲೆಗಳಿವೆ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಕ್ಯಾನ್ ಡಿಗ್ರೀಸರ್, ಅಂದರೆ ಜಿಡ್ಡು ತೆಗೆಯೋ ಲಿಕ್ವಿಡ್ ತಂದಿದ್ದೆ. ಅಂಗಡಿಯ ಹುಡುಗ "ಹಂಗೇ ಹೊಡೀರಿ ಅಣ್ಣಾ, ಏನೂ ಆಗಂಗಿಲ್ಲ" ಅಂದ. ನಾನೂ ಹಂಗೇ ಹೊಡೆದೆ. ಆಗಷ್ಟೇ ಸೇಡಂ ರೋಡಿನಿಂದ ಬಂದಿದ್ದ ಗಾಡಿ, ಕಾದ ವೀಲ್, ಮಧ್ಯಾಹ್ನದ ಬಿಸಿಲು. ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ 1:10 ಅಂತ ಇತ್ತು. ಅದನ್ನು ಓದಿದ್ದು ಕಲೆ ಬಿದ್ದ ಮೇಲೆ.

ಓದಿದರೂ ಪೂರ್ತಿ ತಿಳಿಯಲಿಲ್ಲ ಅನ್ನೋದು ಬೇರೆ ಮಾತು. ಒಂದಕ್ಕೆ ಹತ್ತು ಸರಿ, ಆದರೆ ಅರ್ಧ ಲೀಟರ್ ಬಾಟಲಿಗೆ ಎಷ್ಟು? ತಿಳಿಸಿಕೊಟ್ಟವರು ನಮ್ಮ ಕಾಕಾ. ಅವರಿಗೆ ಕಾರ್ ಓಡಿಸೋಕೆ ಬರಲ್ಲ. ತೊಗರಿ ಬೆಳೆಯುತ್ತಾರೆ. ಕ್ಯಾನ್ ತಿರುಗಿಸಿ ನೋಡಿ, "ಇದರಾಗ ತಿಳಿಯಲಾರದ್ದು ಏನದ? ತೊಗರಿಗಿ ಎಣ್ಣಿ ಹೊಡ್ಯಾಗ ಪಂಪಿಗಿ ಇಷ್ಟು ಅಂತ ಹಾಕಂಗಿಲ್ಲೇನು?" ಅಂದರು. ಅದೇ ಲೆಕ್ಕ. ಕೀಟನಾಶಕ ಲೀಟರ್‌ಗೆ 2 ಎಂಎಲ್ ಅಂದರೆ 16 ಲೀಟರ್ ಪಂಪಿಗೆ 32 ಎಂಎಲ್. ಕಾರ್ ಶಾಂಪೂ ಭಾಷೆಯಲ್ಲಿ ಅದೇ 1:500. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಈ ಗಣಿತ ಮನೆಮನೆಯಲ್ಲೂ ಇದೆ, ಕಾರ್ ವಿಷಯಕ್ಕೆ ಬಂದಾಗ ಮಾತ್ರ ಯಾಕೋ ಕಣ್ಣಂದಾಜಿಗೆ ಇಳಿಯುತ್ತೇವೆ.

ಹಾಗಂತ ಹೊಲದ ಪಂಪನ್ನೇ ತಂದು ಕಾರಿಗೆ ಶಾಂಪೂ ಹೊಡೆಯಬೇಡಿ. ಎಷ್ಟು ತೊಳೆದರೂ ಅದರ ಪೈಪು, ವಾಶರ್‌ಗಳಲ್ಲಿ ಔಷಧಿ ಉಳಿದಿರುತ್ತದೆ. ಸೀಟಿಗೆ, ಸ್ಟೀರಿಂಗ್‌ಗೆ ಹೊಡೆದು ಅದನ್ನೇ ಮುಟ್ಟಿಕೊಂಡು ಕೂರೋದು ಬೇಡ.

ಮೊದಲು ಪಾಲು ಎಣಿಸಿ

1:10 ಅಂದರೆ ಒಂದು ಪಾಲು ಲಿಕ್ವಿಡ್, ಹತ್ತು ಪಾಲು ನೀರು. ಒಟ್ಟು ಹನ್ನೊಂದು ಪಾಲು. ಎಲ್ಲರೂ ಎಡವೋದು ಈ ಹನ್ನೊಂದರಲ್ಲೇ. 500 ಎಂಎಲ್ ಬಾಟಲಿಯನ್ನು ಹತ್ತರಿಂದ ಭಾಗಿಸಿ 50 ಎಂಎಲ್ ಹಾಕುತ್ತಾರೆ. ಸರಿಯಾದ ಲೆಕ್ಕ 500ನ್ನು ಹನ್ನೊಂದರಿಂದ ಭಾಗಿಸೋದು. ಅಂದರೆ ಸುಮಾರು 45 ಎಂಎಲ್ ಲಿಕ್ವಿಡ್, ಮಿಕ್ಕ 455 ನೀರು.

ಐದು ಎಂಎಲ್‌ಗೆ ಇಷ್ಟೊಂದು ಗಲಾಟೆಯಾ ಅಂತೀರಾ? 1:10ಕ್ಕೆ ನಿಜವಾಗಿ ಏನೂ ಆಗಲ್ಲ. ಆದರೆ 1:3ಕ್ಕೆ ಬನ್ನಿ. ಮೂರರಿಂದ ಭಾಗಿಸಿದರೆ 500 ಎಂಎಲ್ ಬಾಟಲಿಗೆ 167 ಎಂಎಲ್ ಹಾಕುತ್ತೀರಿ. ನಾಲ್ಕರಿಂದ ಭಾಗಿಸಿದರೆ 125. ಮೂರನೇ ಒಂದು ಭಾಗ ಜಾಸ್ತಿ ಸುರಿದಂತಾಯಿತು. ಕೊಲನ್ ಆಚೆಗಿನ ಸಂಖ್ಯೆ ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದು. 1:100, 1:500 ಇದ್ದಾಗ ಒಂದು ಕೂಡಿಸಿದರೂ ಬಿಟ್ಟರೂ ನಡೆಯುತ್ತದೆ.

ಹಾಗಾಗಿ ಕ್ರಮ ಇಷ್ಟೇ. ಎರಡೂ ಸಂಖ್ಯೆ ಕೂಡಿಸಿ. ಬಾಟಲಿಯ ಅಳತೆಯನ್ನು ಅದರಿಂದ ಭಾಗಿಸಿ. ಬಂದದ್ದು ಲಿಕ್ವಿಡ್, ಉಳಿದದ್ದು ನೀರು. ನಾನು 500 ಎಂಎಲ್ ಬಾಟಲಿಗೆ ಲೆಕ್ಕ ಮಾಡಿ ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಮನೆಯವಳ ಬೈಗುಳ ಸಹಿತ ಅದು ಅಲ್ಲೇ ಇದೆ:

1:1 – 250 ಎಂಎಲ್
1:3 – 125 ಎಂಎಲ್
1:4 – 100 ಎಂಎಲ್
1:10 – 45 ಎಂಎಲ್
1:20 – 24 ಎಂಎಲ್
1:50 – 10 ಎಂಎಲ್
1:100 – 5 ಎಂಎಲ್

ಇವು ಲಿಕ್ವಿಡ್‌ನ ಅಳತೆ. ಒಂದು ಲೀಟರ್ ಬಾಟಲಿಯಾದರೆ ಇದರ ದುಪ್ಪಟ್ಟು.

ಲೇಬಲ್ ಮೇಲೆ ಬೇರೆ ಬೇರೆ ತರಹ ಬರೆದಿರುತ್ತಾರೆ

ಕೆಲವು ಕಂಪನಿಗಳು 10:1 ಅಂತ ಉಲ್ಟಾ ಬರೆಯುತ್ತವೆ. ಹತ್ತು ಪಾಲು ಲಿಕ್ವಿಡ್‌ಗೆ ಒಂದು ಪಾಲು ನೀರು ಹಾಕಿ ಅಂತ ಯಾರೂ ಹೇಳಲ್ಲ ಬಿಡಿ. ಎರಡರಲ್ಲಿ ದೊಡ್ಡ ಸಂಖ್ಯೆ ನೀರಿಂದು ಅಂತ ತಿಳಿದುಕೊಳ್ಳಿ. ಪರ್ಸೆಂಟ್‌ನಲ್ಲಿ ಕೊಟ್ಟಿದ್ದರೆ ಅದು ಒಟ್ಟು ಮಿಶ್ರಣದ ಮೇಲಿನ ಲೆಕ್ಕ. 10 ಪರ್ಸೆಂಟ್ ಅಂದರೆ 1:9, 1:10 ಅಲ್ಲ. 20 ಪರ್ಸೆಂಟ್ ಅಂದರೆ 1:4. 50 ಪರ್ಸೆಂಟ್ ಅಂದರೆ ಸಮ ಸಮ.

"ಒಂದು ಬಕೆಟ್‌ಗೆ ಎರಡು ಕ್ಯಾಪ್" ಅಂತ ಇದ್ದರೆ ನನಗೆ ಸಿಟ್ಟು ಬರುತ್ತದೆ. ಯಾವ ಬಕೆಟ್? ಯಾವ ಕ್ಯಾಪ್? ಒಂದು ಬಾಟಲಿಯ ಕ್ಯಾಪ್‌ನಲ್ಲಿ 5 ಎಂಎಲ್ ಹಿಡಿದರೆ ಇನ್ನೊಂದರಲ್ಲಿ 20 ಹಿಡಿಯುತ್ತದೆ. ಒಮ್ಮೆ ಸಿರಿಂಜ್‌ನಲ್ಲಿ ನೀರು ತೆಗೆದು ಕ್ಯಾಪ್ ತುಂಬಿ ನೋಡಿ, ಎಷ್ಟು ಹಿಡಿಯಿತು ಅಂತ ಬಾಟಲಿ ಮೇಲೆ ಮಾರ್ಕರ್‌ನಿಂದ ಬರೆದುಬಿಡಿ. ಬಕೆಟ್‌ಗೂ ಹಾಗೇ. ನಾನು ಖಾಲಿ ಪೇಂಟ್ ಬಕೆಟ್ ಇಟ್ಟುಕೊಂಡಿದ್ದೇನೆ. 20 ಲೀಟರ್ ಅಂತ ಅದರ ಮೇಲೇ ಅಚ್ಚಾಗಿರುತ್ತದೆ, ಅನುಮಾನವೇ ಇಲ್ಲ.

ಇನ್ನು 1:128, 1:256 ಅನ್ನೋ ವಿಚಿತ್ರ ಸಂಖ್ಯೆಗಳು. ರಿನ್ಸ್‌ಲೆಸ್ ವಾಶ್, ಅಂದರೆ ಆಮೇಲೆ ನೀರಲ್ಲಿ ತೊಳೆಯಬೇಕಿಲ್ಲದ ಶಾಂಪೂಗಳ ಮೇಲೆ ಇವು ಜಾಸ್ತಿ ಕಾಣುತ್ತವೆ. ಇಷ್ಟು ಖಚಿತವಾಗಿ 256 ಯಾಕೆ ಅಂತ ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ವಿಷಯ ಏನೂ ಇಲ್ಲ. ಅಮೆರಿಕದಲ್ಲಿ ಒಂದು ಗ್ಯಾಲನ್‌ಗೆ 128 ಔನ್ಸ್. ಎರಡು ಗ್ಯಾಲನ್ ನೀರಿಗೆ ಒಂದು ಔನ್ಸ್ ಹಾಕಿ ಅಂದರೆ 1:256 ಆಗುತ್ತದೆ. ಅವರ ಸುಲಭದ ಲೆಕ್ಕ ನಮಗೆ ಕಷ್ಟದ ಲೆಕ್ಕವಾಗಿ ಬಂತು, ಅಷ್ಟೇ. 10 ಲೀಟರ್ ನೀರಿಗೆ 39 ಎಂಎಲ್ ಹಾಕಿದರೆ ಮುಗಿಯಿತು.

ಅಳೆಯೋಕೆ ಏನು ಬೇಕು

ದೊಡ್ಡ ಸಾಮಾನೇನೂ ಬೇಡ. ಮೆಡಿಕಲ್ ಶಾಪಿನಲ್ಲಿ ಸಿಗುವ 10 ಅಥವಾ 20 ಎಂಎಲ್ ಸಿರಿಂಜ್, ಸೂಜಿ ಇಲ್ಲದ್ದು. ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಅಳತೆ ಜಗ್. ಕೈಗೆ ರಬ್ಬರ್ ಗ್ಲೌಸ್. ಸ್ಪ್ರೇ ಬಾಟಲಿ ಎರಡು ಮೂರು. ಇದರಲ್ಲಿ ಸ್ಪ್ರೇ ಬಾಟಲಿಗೆ ಮಾತ್ರ ಸ್ವಲ್ಪ ದುಡ್ಡು ಹಾಕಿ. ಸಲೂನಿನಲ್ಲಿ ಬಳಸೋ ಅಗ್ಗದ ಬಾಟಲಿಯ ಟ್ರಿಗರ್ ಎಪಿಸಿ (ಆಲ್ ಪರ್ಪಸ್ ಕ್ಲೀನರ್), ಡಿಗ್ರೀಸರ್ ತಡೆಯಲ್ಲ, ತಿಂಗಳಲ್ಲಿ ಸೋರೋಕೆ ಶುರುವಾಗುತ್ತದೆ.

ಸುರಿಯೋ ಕ್ರಮ ಮುಖ್ಯ. ಮೊದಲು ನೀರು, ಆಮೇಲೆ ಲಿಕ್ವಿಡ್. ಉಲ್ಟಾ ಮಾಡಿದರೆ ನಲ್ಲಿ ನೀರು ಬಿದ್ದ ರಭಸಕ್ಕೆ ನೊರೆ ಎದ್ದು ಬಾಟಲಿ ಕಂಠದವರೆಗೆ ಬರುತ್ತದೆ, ನೀರು ಎಲ್ಲಿಗೆ ಬಂತು ಅಂತ ಕಾಣೋದೇ ಇಲ್ಲ. ಆಸಿಡ್ ಇರುವ ವೀಲ್ ಕ್ಲೀನರ್ ಆದರೆ ಇದು ಬರೀ ಅನುಕೂಲದ ಮಾತಲ್ಲ. ಆಸಿಡ್ ಮೇಲೆ ನೀರು ಸುರಿದರೆ ಕಾದು ಸಿಡಿಯಬಹುದು. ನೀರಿಗೇ ಆಸಿಡ್ ಹಾಕಬೇಕು. ಕಲಸೋಕೆ ಕುಲುಕಬೇಡಿ, ಮೆಲ್ಲಗೆ ಎರಡು ಸಲ ತಲೆಕೆಳಗೆ ಮಾಡಿ.

ಬಾಟಲಿ ಮೇಲೆ ಗೆರೆ ಎಳೆದುಕೊಳ್ಳೋ ಉಪಾಯವೂ ಇದೆ. ಬಾಟಲಿಯನ್ನು ಕಣ್ಣಳತೆಯಲ್ಲಿ ಐದು ಭಾಗ ಮಾಡಿ ಗೆರೆ ಹಾಕುವವರಿದ್ದಾರೆ. ನೆಟ್ಟಗಿರೋ ಬಾಟಲಿಗೆ ಅದು ಸರಿ. ಸೊಂಟ ಸಣ್ಣಗಿದ್ದು ಬುಡ ಅಗಲ ಇರೋ ಬಾಟಲಿಗೆ ಪೂರ್ತಿ ತಪ್ಪು. ಸಿರಿಂಜ್‌ನಿಂದ 45 ಎಂಎಲ್ ನೀರು ಹಾಕಿ, ಅಲ್ಲಿಗೆ ಒಂದು ಗೆರೆ. ಒಟ್ಟು 100 ಆಗೋವರೆಗೆ ಹಾಕಿ, ಅಲ್ಲಿಗೆ ಇನ್ನೊಂದು. ಒಮ್ಮೆ ಮಾಡಿದರೆ ಬಾಟಲಿ ಇರೋವರೆಗೂ ಬರುತ್ತದೆ. ಗೆರೆ ನೋಡಿ ಅಳೆಯುವಾಗ ಮಾತ್ರ ಲಿಕ್ವಿಡ್ ಮೊದಲು ಹೋಗಬೇಕಾಗುತ್ತದೆ, ಆಗ ನೀರನ್ನು ಬಾಟಲಿ ಓರೆ ಮಾಡಿ ಗೋಡೆಗುಂಟ ಇಳಿಸಿ. ಆಸಿಡ್ ಬಾಟಲಿಗೆ ಈ ಉಪಾಯ ಬೇಡ.

ಯಾವುದಕ್ಕೆ ಎಷ್ಟು

ನಿಮ್ಮ ಬಾಟಲಿಯ ಲೇಬಲ್ ಏನು ಹೇಳುತ್ತದೋ ಅದೇ ಮೊದಲು. ನಾನು ಹೇಳೋದು ಸಾಮಾನ್ಯವಾಗಿ ನಡೆಯುವ ಅಳತೆ.

ಬಾಡಿ ತೊಳೆಯೋ ಶಾಂಪೂ ಬಕೆಟ್‌ಗೆ 1:500ರ ಆಸುಪಾಸು. 20 ಲೀಟರ್ ಬಕೆಟ್‌ಗೆ 40 ಎಂಎಲ್. ಗಟ್ಟಿ ಶಾಂಪೂಗಳು 1:1000 ಅಂತಲೂ ಬರುತ್ತವೆ, ಆಗ 20 ಎಂಎಲ್ ಸಾಕು. ಎಪಿಸಿ ಆದರೆ ಡ್ಯಾಶ್‌ಬೋರ್ಡ್, ಬಾಗಿಲ ಪ್ಲಾಸ್ಟಿಕ್‌ಗೆ 1:10ರಿಂದ 1:20. ಟೈರು, ಮಡ್‌ಗಾರ್ಡ್ ಒಳಗಿನ ಕೆಸರು, ಎಂಜಿನ್ ಎಣ್ಣೆ ಜಿಡ್ಡಿಗೆ 1:4. ಒಂದೇ ಕ್ಯಾನಿನಿಂದ ಎರಡು ಬಾಟಲಿ ಮಾಡಿಟ್ಟುಕೊಂಡರೆ ಮನೆ ಕಾರಿನ ಮುಕ್ಕಾಲು ಕೆಲಸ ಆಗುತ್ತದೆ. ಟೈರ್ ಪಾಲಿಶ್‌ನಲ್ಲಿ ಹಾಲಿನ ಹಾಗೆ ಬೆಳ್ಳಗಿರೋದಕ್ಕೆ ನೀರು ಬೆರೆಸಬಹುದು, ಲೇಬಲ್ ಒಪ್ಪಿದರೆ. ಪೆಟ್ರೋಲ್ ವಾಸನೆಯ ಎಣ್ಣೆ ತರಹದ್ದಕ್ಕೆ ನೀರು ಕೂಡಲ್ಲ. ರೆಡಿ ಟು ಯೂಸ್ ಅಂತ ಬರೆದಿರೋ ಗ್ಲಾಸ್ ಕ್ಲೀನರ್, ಸೆರಾಮಿಕ್ ಕೋಟಿಂಗ್, ಇವಕ್ಕೆ ನೀರು ಬೆರೆಸಲೇಬೇಡಿ.

ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗಲ್ವಾ ಅಂತ ಕೇಳುತ್ತಾರೆ. ಇಲ್ಲ. ಸೋಪಿನ ಕೆಲಸ ನೀರಿನ ಮೇಲ್ಮೈ ಬಿಗಿತ ಕಡಿಮೆ ಮಾಡಿ ಕೊಳೆಯೊಳಗೆ ಇಳಿಸೋದು. ಒಂದು ಮಟ್ಟದವರೆಗೆ ಹಾಕಿದಷ್ಟೂ ಬಿಗಿತ ಇಳಿಯುತ್ತದೆ. ಆ ಮಟ್ಟ ದಾಟಿದ ಮೇಲೆ ಎಷ್ಟು ಸುರಿದರೂ ಇನ್ನಷ್ಟು ಇಳಿಯಲ್ಲ. ಹೆಚ್ಚಾದದ್ದು ಪ್ಯಾನಲ್ ಮೇಲೆ ಜಿಡ್ಡಾಗಿ ಕೂರುತ್ತದೆ, ತೊಳೆಯೋಕೆ ಇನ್ನೆರಡು ಬಕೆಟ್ ನೀರು ಬೇಕು. ಬೇಸಿಗೆಯಲ್ಲಿ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅಂತ ಕಲಬುರಗಿಯವರಿಗೆ ನಾನು ಹೇಳಬೇಕಿಲ್ಲ.

ನಮ್ಮ ಕಡೆ ಕೊಳೆಗೂ ಮೂರು ಜಾತಿ. ಎರೆ ಹೊಲದ ಕರಿ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಮಳೆಗಾಲದಲ್ಲಿ ಊರಿಗೆ ಹೋಗಿ ಬಂದ ಗಾಡಿಯ ಮಡ್‌ಗಾರ್ಡ್ ನೋಡಿದರೆ ಎಪಿಸಿಯನ್ನು ಹಂಗೇ ಸುರಿಯೋಣ ಅನ್ನಿಸುತ್ತದೆ. ಬೇಡ. ಆ ಜೇಡಿಗೆ ಬೇಕಾಗಿರೋದು ಕೆಮಿಕಲ್ ಅಲ್ಲ, ನೆನೆಯೋ ಸಮಯ. ಬರೀ ನೀರು ಹೊಡೆದು ಹತ್ತು ನಿಮಿಷ ಬಿಡಿ, ಮತ್ತೆ ಹೊಡೆಯಿರಿ, ಮುದ್ದೆ ಮುದ್ದೆಯಾಗಿ ಉದುರುತ್ತದೆ. ಆಮೇಲೆ ಮಾಮೂಲಿ 1:500 ಶಾಂಪೂ ಸಾಕು. ಬೀದರ್ ಕಡೆಯ ಕೆಂಪು ಮಣ್ಣು ಇಷ್ಟು ಅಂಟಲ್ಲ, ಆದರೆ ಸೀಟಿನ ಬಟ್ಟೆಗೆ, ಕಾರ್ಪೆಟ್‌ಗೆ ಬಣ್ಣ ಹಿಡಿಸುತ್ತದೆ. ಒಣಗಿದ ಮೇಲೆ ವ್ಯಾಕ್ಯೂಮ್ ಹಾಕಿ, ನಂತರ 1:20 ಎಪಿಸಿಯನ್ನು ಒರೆಸೋ ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಒರೆಸಿ. ಸೀದಾ ಸೀಟಿಗೆ ಹೊಡೆದರೆ ಸ್ಪಂಜು ಕುಡಿದುಬಿಡುತ್ತದೆ, ಒಣಗಿದ ಮೇಲೆ ಅಂಚಿನಲ್ಲಿ ವರ್ತುಲ ಮೂಡುತ್ತದೆ.

ಮೂರನೆಯದು ಸಿಮೆಂಟ್ ಧೂಳು. ವಾಡಿ, ಸೇಡಂ, ಮಳಖೇಡ ಕಡೆ ದಿನಾ ಓಡಾಡೋರಿಗೆ ಇದು ಗೊತ್ತು. ಇದನ್ನು ಒಣಬಟ್ಟೆಯಲ್ಲಿ ಒರೆಸಿದರೆ ಪೇಂಟ್ ಮೇಲೆ ಮರಳು ಕಾಗದ ಉಜ್ಜಿದಂತೆ. ಚಳಿಗಾಲದ ಇಬ್ಬನಿ ಬಿದ್ದರೆ ಅಲ್ಲೇ ಗಟ್ಟಿಯಾಗುತ್ತದೆ. ಮೊದಲು ಧಾರಾಳವಾಗಿ ನೀರು. ಹಂಗೂ ಬಿಡದೆ ಚುಕ್ಕಿ ಚುಕ್ಕಿಯಾಗಿ ಕೂತಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ, ಬಟ್ಟೆ ಅದ್ದಿ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಸಿಮೆಂಟು ಸುಣ್ಣದ ಜಾತಿ, ಹುಳಿಗೆ ಮೆತ್ತಗಾಗುತ್ತದೆ. ವ್ಯಾಕ್ಸ್ ಹಚ್ಚಿದ್ದರೆ ಅದೂ ಅಲ್ಲಿಂದ ಹೋಗುತ್ತದೆ, ಮತ್ತೆ ಹಚ್ಚಬೇಕು.

ಬೋರ್ ನೀರಿನ ತಕರಾರು

ಲೆಕ್ಕ ಸರಿಯಿದ್ದರೂ ಕಪ್ಪು ಕಾರಿನ ಮೇಲೆ ಬಿಳಿ ಕಲೆ ಉಳಿಯುತ್ತದಲ್ಲ, ಅದಕ್ಕೆ ಕಾರಣ ಶಾಂಪೂ ಅಲ್ಲ. ನಮ್ಮ ಕಾಲಡಿ ಬಹಳ ಕಡೆ ಸುಣ್ಣದ ಕಲ್ಲು. ಅದಕ್ಕೇ ಇಷ್ಟು ಸಿಮೆಂಟ್ ಫ್ಯಾಕ್ಟರಿಗಳು. ಆ ಕಲ್ಲಿನ ಸಂದಿಯಿಂದ ಬರೋ ಬೋರ್ ನೀರು ಗಡುಸು. ಕುಡಿಯುವ ನೀರಿಗೆ ಗಡಸುತನ ಲೀಟರ್‌ಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಮನೆಯದು ಹೇಗಿದೆ ಅಂತ ನೋಡೋಕೆ ಕೂಲರ್ ಸಾಕು. ಒಂದು ಬೇಸಿಗೆ ಓಡಿದ ಮೇಲೆ ಪ್ಯಾಡ್ ಮೇಲೆ ಬಿಳಿ ಪೊರೆ ಕಟ್ಟಿದೆಯಾ? ಅದೇ ಪೊರೆ ಕಾರಿನ ಮೇಲೂ ಕಟ್ಟುತ್ತಿದೆ.

ಗಡುಸು ನೀರಲ್ಲಿ ಸೋಪಿನ ಒಂದಿಷ್ಟು ಭಾಗ ಆ ಸುಣ್ಣದ ಜೊತೆಗೇ ಸೇರಿ ಹಾಳಾಗುತ್ತದೆ. ನೊರೆ ಕಡಿಮೆ. ಆಗ ಜನ ಏನು ಮಾಡುತ್ತಾರೆ? ಇನ್ನೊಂದು ಗುಟುಕು ಶಾಂಪೂ. ನಾನು ಹೇಳೋದು, ಲಿಕ್ವಿಡ್ ಹೆಚ್ಚಿಸೋ ಬದಲು ನೀರು ಬದಲಿಸಿ. 20 ಲೀಟರ್ ಬಕೆಟ್‌ಗೆ ಆರ್‌ಓ ನೀರು ಹಾಕಿ ಅಂತಲ್ಲ. ಅರ್ಧ ಲೀಟರ್ ಸ್ಪ್ರೇ ಬಾಟಲಿಗೆ ಹಾಕಿದರೆ ಏನೂ ಖರ್ಚಿಲ್ಲ ಅಲ್ವಾ? ಎಪಿಸಿ, ರಿನ್ಸ್‌ಲೆಸ್ ಶಾಂಪೂ, ಕ್ವಿಕ್ ಡಿಟೇಲರ್ (ಹೊಳಪಿಗೆ ಹೊಡೆದು ಒರೆಸೋ ಸ್ಪ್ರೇ), ಒರೆಸಿ ಬಿಡೋ ಎಲ್ಲಾ ಬಾಟಲಿಗೂ ಒಳ್ಳೆ ನೀರು ಹಾಕಿ. ತೊಳೆದು ಬಿಡೋ ಕೆಲಸಕ್ಕೆ ಬೋರ್ ನೀರೇ ಇರಲಿ, ಕೊನೆಗೆ ಒಣಗೋಕೆ ಬಿಡದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.

ಎರಡು ನೀರು ಮುಟ್ಟಲೇಬೇಡಿ. ಒಂದು, ಆರ್‌ಓ ಯಂತ್ರದ ಪೈಪಿನಿಂದ ಹೊರಬೀಳೋ ವೇಸ್ಟ್ ನೀರು. ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇದೆ. ಇನ್ನೊಂದು, ಕೂಲರ್ ಟ್ಯಾಂಕಿನ ತಳದ ನೀರು. ನೀರು ಆವಿಯಾಗುತ್ತಾ ಸುಣ್ಣ ಮಾತ್ರ ಉಳಿದು ದಿನದಿನಕ್ಕೂ ಗಡುಸಾಗುತ್ತದೆ. ನೀರು ಉಳಿಸಬೇಕು ಅಂತ ನಮ್ಮ ಓಣಿಯ ಹಿರಿಯರೊಬ್ಬರು ಕೂಲರ್ ನೀರಲ್ಲೇ ಕಾರ್ ತೊಳೆಯುತ್ತಿದ್ದರು. ಗಾಜಿನ ಮೇಲೆ ಮೀನಿನ ಹುರುಪೆ ತರಹ ಕಲೆ. ಎಸಿಯಿಂದ ತೊಟ್ಟಿಕ್ಕೋ ನೀರು ಮಾತ್ರ ಒಳ್ಳೇದು, ಅದರಲ್ಲಿ ಲವಣ ಇರಲ್ಲ. ಬಟ್ಟೆಯಲ್ಲಿ ಸೋಸಿ ಹಾಕಿಕೊಳ್ಳಿ.

ಬಿಸಿಲಲ್ಲಿ ಲೆಕ್ಕ ಬದಲಾಗುತ್ತದೆ

ಇದನ್ನು ಯಾರೂ ಹೇಳಲ್ಲ, ನನಗೆ ಅನಿಸೋ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನೀವು ಬಾಟಲಿಯಲ್ಲಿ 1:10 ಮಾಡಿರುತ್ತೀರಿ. ಏಪ್ರಿಲ್, ಮೇನಲ್ಲಿ ಇಲ್ಲಿ ತಾಪ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಬಾನೆಟ್ ಮೇಲೆ ಕೈಯಿಡೋಕೆ ಆಗಲ್ಲ. ಅದರ ಮೇಲೆ ಹೊಡೆದ ಮಿಶ್ರಣದಿಂದ ನೀರು ಮೊದಲು ಹಾರುತ್ತದೆ, ಲಿಕ್ವಿಡ್ ಉಳಿಯುತ್ತದೆ. ಅರ್ಧ ನೀರು ಹೋಯಿತು ಅಂದರೆ ಅದು 1:5. ಇನ್ನೊಂದು ನಿಮಿಷಕ್ಕೆ 1:1. ಕೊನೆಗೆ ಬರೀ ಕೆಮಿಕಲ್ಲೇ ಪೇಂಟ್ ಮೇಲೆ ಒಣಗಿ ಕೂರುತ್ತದೆ. ನನ್ನ ವೀಲ್ ಮೇಲಿನ ಕಲೆಗೆ ಅರ್ಧ ಕಾರಣ ಇದು. ಆವತ್ತು 1:10 ಮಾಡಿ ಹೊಡೆದಿದ್ದರೂ ಆ ಕಾದ ವೀಲ್ ಮೇಲೆ ಎಷ್ಟು ಹೊತ್ತು 1:10 ಆಗಿ ಉಳಿಯುತ್ತಿತ್ತೋ!

ಹಾಗಾಗಿ ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ನೆರಳಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಬರೀ ನೀರು ಹೊಡೆದು ತಣ್ಣಗೆ ಮಾಡಿ. ಒಂದು ಸಲಕ್ಕೆ ಒಂದೇ ಬಾಗಿಲು, ಹೊಡೆದು, ಉಜ್ಜಿ, ತೊಳೆದು ಮುಂದಿನದಕ್ಕೆ ಹೋಗಿ.

ಫೋಮ್ ಗನ್‌ನವರು ಇಲ್ಲಿ ನಿಲ್ಲಿ

ಪ್ರೆಶರ್ ವಾಶರ್‌ಗೆ ಹಾಕೋ ಫೋಮ್ ಬಾಟಲಿಯದ್ದು ಬಿಸಿಲಿನ ಉಲ್ಟಾ ಕಥೆ. ಬಾಟಲಿಯಲ್ಲಿ ನೀವು ಬೆರೆಸಿದ್ದು ಒಂದು ಲೆಕ್ಕ. ಗನ್ ಒತ್ತಿದಾಗ ಮೆಷಿನ್ ನೀರು ಇನ್ನಷ್ಟು ಸೇರಿ ಕಾರಿನ ಮೇಲೆ ಬೀಳೋದು ಬೇರೆಯೇ ಲೆಕ್ಕ. ಬಾಟಲಿಯಲ್ಲಿ 1:10 ಇದ್ದರೆ ಕಾರಿಗೆ 1:100ಕ್ಕಿಂತ ತೆಳ್ಳಗೆ ತಲುಪಬಹುದು.

ನಿಮ್ಮ ಗನ್ ಎಷ್ಟು ನೀರು ಸೇರಿಸುತ್ತದೆ ಅಂತ ತಿಳಿಯೋಕೆ ಹೀಗೆ ಮಾಡಿ. ಫೋಮ್ ಬಾಟಲಿಗೆ ಒಂದು ಲೀಟರ್ ಬರೀ ನೀರು ತುಂಬಿ. 20 ಲೀಟರ್ ಪೇಂಟ್ ಬಕೆಟ್ ಒಳಗೆ ಗನ್ ಮೂತಿ ಹಿಡಿದು, ಬಾಟಲಿ ಖಾಲಿ ಆಗೋವರೆಗೆ ಒತ್ತಿ. ಬಕೆಟ್‌ನಲ್ಲಿ ಎಷ್ಟು ಬಂತು ನೋಡಿ. ನನ್ನದರಲ್ಲಿ 12 ಲೀಟರ್ ಬಂತು. ಅಂದರೆ ಬಾಟಲಿಯ ಒಂದು ಲೀಟರ್ ಹನ್ನೆರಡು ಪಟ್ಟಾಗುತ್ತದೆ. ಕಾರಿನ ಮೇಲೆ ಒಂದು ಪರ್ಸೆಂಟ್ ಶಾಂಪೂ ಬೀಳಬೇಕು ಅಂದರೆ ಹನ್ನೆರಡು ಲೀಟರ್‌ನ ಒಂದು ಪರ್ಸೆಂಟ್, 120 ಎಂಎಲ್. ಅಷ್ಟು ಶಾಂಪೂ, ಮಿಕ್ಕ 880 ನೀರು. ಗನ್ ಮೇಲಿನ ತಿರುಪು ತಿರುಗಿಸಿದರೆ ಈ ಹನ್ನೆರಡು ಬದಲಾಗುತ್ತದೆ, ಆದ್ದರಿಂದ ತಿರುಪಿನ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ.

ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ಹಿಂದಿನ ದಿನ ರಿಂಗ್ ರೋಡಿನ ಒಂದು ವಾಷಿಂಗ್ ಸೆಂಟರ್‌ನಲ್ಲಿ ಸಾಲಿನಲ್ಲಿ ನಿಂತಿದ್ದೆ. ಫೋಮ್ ಟ್ಯಾಂಕಿಗೆ ಎಷ್ಟು ಹಾಕ್ತೀಯಪ್ಪಾ ಅಂತ ಹುಡುಗನನ್ನು ಕೇಳಿದೆ. "ನೊರಿ ಬರೋ ತನಕ ಹಾಕೋದ್ರಿ" ಅಂದ. ಪಾಪ, ಅವನಿಗೆ ಯಾರೂ ಅಳತೆ ಕೊಟ್ಟಿರಲಿಲ್ಲ. ದಪ್ಪ ನೊರೆ ನೋಡೋಕೆ ಚೆಂದ, ಗಿರಾಕಿಗೂ ಖುಷಿ. ಆದರೆ ನೊರೆ ಬೇರೆ, ಕೊಳೆ ತೆಗೆಯೋ ಶಕ್ತಿ ಬೇರೆ.

ಜಾಸ್ತಿ ಆಗಿಹೋದರೆ?

ಚೆಲ್ಲಬೇಡಿ. 1:4 ಮಾಡಿಟ್ಟಿದ್ದೀರಿ, ಈಗ ಡ್ಯಾಶ್‌ಬೋರ್ಡ್‌ಗೆ 1:10 ಬೇಕು ಅಂತಿಟ್ಟುಕೊಳ್ಳಿ. 1:4ರ 225 ಎಂಎಲ್ ತೆಗೆದುಕೊಳ್ಳಿ. ಅದರಲ್ಲಿ ಐದನೇ ಒಂದು ಭಾಗ, ಅಂದರೆ 45 ಎಂಎಲ್ ಅಸಲಿ ಲಿಕ್ವಿಡ್ ಇದೆ. 45ಕ್ಕೆ ಹನ್ನೊಂದು ಪಟ್ಟು 495. ಈಗಿರೋದು 225, ಇನ್ನು 270 ಎಂಎಲ್ ನೀರು ಸೇರಿಸಿ. ಅರ್ಧ ಲೀಟರ್ ಬಾಟಲಿ ತುಂಬಿತು. ಒಳಗೆ ಅಸಲು ಎಷ್ಟಿದೆ ಅಂತ ಹುಡುಕಿಕೊಂಡರೆ ಯಾವುದನ್ನೂ ಯಾವುದಕ್ಕೂ ಇಳಿಸಬಹುದು.

ಅಂಗಡಿಯಲ್ಲಿ ಬೆಲೆ ನೋಡುವಾಗಲೂ ಇದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಸುಮ್ನೆ ಉದಾಹರಣೆಗೆ, 500 ರೂಪಾಯಿಯ ಒಂದು ಲೀಟರ್ ಕ್ಯಾನ್ 1:10 ಅಂದರೆ 11 ಲೀಟರ್ ಆಗುತ್ತದೆ, ಲೀಟರ್‌ಗೆ 45 ರೂಪಾಯಿ ಬಿತ್ತು. ಪಕ್ಕದಲ್ಲಿರೋ 250 ರೂಪಾಯಿಯದ್ದು 1:3 ಮಾತ್ರ ಆದರೆ ನಾಲ್ಕೇ ಲೀಟರ್, ಲೀಟರ್‌ಗೆ 62 ರೂಪಾಯಿ ಮೇಲೆ. ಅಗ್ಗದ್ದೇ ದುಬಾರಿ ಆಯಿತು.

ಒಂದರ ಜೊತೆ ಒಂದು ಸೇರಿಸಬೇಡಿ

ನೀರು ಬಿಟ್ಟು ಬೇರೆ ಯಾವುದರ ಜೊತೆಗೂ ಇವನ್ನು ಬೆರೆಸಬೇಡಿ. ಬ್ಲೀಚಿಂಗ್ ದ್ರಾವಣಕ್ಕೆ ಆಸಿಡ್ ಇರೋ ವೀಲ್ ಕ್ಲೀನರ್ ಅಥವಾ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಅದು ಪ್ರಾಣಕ್ಕೆ ಅಪಾಯ. ಟಾಯ್ಲೆಟ್ ತೊಳೆಯೋ ಆಸಿಡ್‌ಗೆ ನೀರು ಬೆರೆಸಿ ಅಲಾಯ್‌ಗೆ ಹಾಕೋರಿದ್ದಾರೆ. ಯಾವ ಅಳತೆಯಲ್ಲಿ ಹಾಕಿದರೂ ಅದು ಅಲಾಯ್‌ಗೆ ಆಗಿಬರಲ್ಲ.

ಮನೆ ಮುಂದೆ ಶಹಾಬಾದ್ ಪರಸಿ ಹಾಸಿದವರಿಗೆ ಇನ್ನೊಂದು ಮಾತು. ಆ ಕಲ್ಲೂ ಸುಣ್ಣದ ಕಲ್ಲೇ. ವಿನೆಗರ್, ಆಸಿಡ್ ಕ್ಲೀನರ್ ಒಂದು ಹನಿ ಬಿದ್ದರೂ ಬುಸುಗುಟ್ಟಿ ಬೆಳ್ಳಗೆ ಗುರುತು ಬಿಡುತ್ತದೆ, ಎಷ್ಟು ತೊಳೆದರೂ ಹೋಗಲ್ಲ. ಕೆಳಗೆ ಮೊದಲೇ ಧಾರಾಳವಾಗಿ ನೀರು ಹೊಡೆದಿಟ್ಟುಕೊಳ್ಳಿ. ಇಲ್ಲವೇ ಆ ಕೆಲಸವನ್ನು ಗೇಟಿನ ಆಚೆ ಮಾಡಿ.

ಹೊಸ ಮಿಶ್ರಣ ಯಾವುದೇ ಇರಲಿ, ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಸೀಟಿನ ಕೆಳಗಿನ ಪ್ಲಾಸ್ಟಿಕ್, ಬಾಗಿಲ ಕೆಳ ಅಂಚು. ಒದ್ದೆ ಇದ್ದಾಗ ಎಲ್ಲವೂ ಚೆಂದ ಕಾಣುತ್ತದೆ, ಪೂರ್ತಿ ಒಣಗಿದ ಮೇಲೆ ನೋಡಬೇಕು.

ಬೆರೆಸಿಟ್ಟದ್ದು ಬಹಳ ದಿನ ಇಡಬೇಡಿ. ಎರಡು ಮೂರು ವಾರಕ್ಕೆ ಆಗುವಷ್ಟೇ ಮಾಡಿ. ಬೋರ್ ನೀರಲ್ಲಿ ಕಲಸಿದ್ದು ತಳದಲ್ಲಿ ಗಸಿ ಕಟ್ಟುತ್ತದೆ, ಆ ಗಸಿ ಸ್ಪ್ರೇ ಮೂತಿಗೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಡಿಕ್ಕಿಯಲ್ಲಿ ಬಿಡಬೇಡಿ. ಬಾಟಲಿ ಮೇಲೆ ಹೆಸರು, ಅಳತೆ, ತಾರೀಖು ಮೂರೂ ಬರೆಯಿರಿ. ಕುಡಿಯೋ ನೀರಿನ ಖಾಲಿ ಬಾಟಲಿಗೆ ಮಾತ್ರ ಯಾವತ್ತೂ ತುಂಬಿಡಬೇಡಿ. ತಿಳಿ ಹಳದಿ ಎಪಿಸಿ ಜ್ಯೂಸಿನ ಹಾಗೆ ಕಾಣುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ. ಸಿರಿಂಜ್ ತೊಳೆದು ಕ್ಯಾನಿನ ಕೊರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಇಲ್ಲದಿದ್ದರೆ ಮುಂದಿನ ಭಾನುವಾರ ಅದು ಸಿಗಲ್ಲ, ಮತ್ತೆ ಕಣ್ಣಂದಾಜು ಶುರು.